ಪೆಡಲ್ ಇಲ್ಲದ ಸೈಕಲ್ಲಿನಲ್ಲಿ ಅಂಟಕ್ಕ

ನಮ್ಮ ಚಿಕ್ಕಮ್ಮ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಅಂಟು ಕಾಯಿಸುವವಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಯಜಮಾನರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವಳು ಅಂಟಕ್ಕ.

ಅಂಟು ಕಾಯಿಸುವುದೇನು ಮಹಾ ಕೆಲಸ ಎಂದು ಯಾರಾದರೂ ಕೇಳಿದರೆ ಚಿಕ್ಕಮ್ಮ ತಲೆ ಎತ್ತುತ್ತಾಳೆ. ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾಳೆ, ಅಷ್ಟೆ. ಹಿಂದಿನ ಸಂಜೆಯೇ ಅಂಟಿನ ಗಟ್ಟಿ ಚೂರುಗಳನ್ನು ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚಿ, ದೊಡ್ಡ ಪಾತ್ರೆಯ ಬಿಸಿನೀರಿನೊಳಗೆ ಚಿಕ್ಕ ಪಾತ್ರೆ ಇಟ್ಟು, ಒಂದು ಗಂಟೆ ಬಿಡದೆ ತಿರುವಬೇಕು. ಕುದಿ ಬಂತೋ, ಅಂಟು ಸತ್ತಿತು. ಕಡ್ಡಿಯಿಂದ ಜೇನಿನ ಹಾಗೆ ಎಳೆಯಾಗಿ ಇಳಿದರೆ ಹದ. ಎಂಟು ಗಂಟೆಗೆ ಸರಿಯಾಗಿ ಅದು ಹೊಲಿದ ಪುಸ್ತಕಗಳ ಬೆನ್ನಿಗೆ ಬೀಳಬೇಕು. ಅಂಟು ತಡವಾದರೆ ಬೆನ್ನು ಒಣಗುವುದು ತಡ, ಅಂಚು ಕತ್ತರಿಸುವುದು ತಡ, ರಟ್ಟು ಹಾಕುವುದು ತಡ. ಇಪ್ಪತ್ತೆರಡು ಜನ ಕೈಕಟ್ಟಿ ಕೂರಬೇಕಾಗುತ್ತದೆ.

ಹದಿನೆಂಟು ವರ್ಷ ಚಿಕ್ಕಮ್ಮ ಯಾರನ್ನೂ ಹಾಗೆ ಕೂರಿಸಿರಲಿಲ್ಲ. ಆರೂಇಪ್ಪತ್ತರ ಮೊದಲ ಬಸ್ಸು ಹಿಡಿದರೆ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಒಲೆಯ ಮುಂದೆ ಇರುತ್ತಿದ್ದಳು. ಒಂದು ದಿನ ನಿಲ್ದಾಣದ ಕಂಬಕ್ಕೆ ಚೀಟಿ ಅಂಟಿಸಿದರು: ಮೊದಲ ಬಸ್ಸು ರದ್ದು. ಎರಡನೆಯದೇ ಇನ್ನು ಮೊದಲನೆಯದು. ಅದು ಬರುವುದು ಆರೂಐವತ್ತೈದಕ್ಕೆ, ಅದೂ ಅದಕ್ಕೆ ಮನಸ್ಸು ಬಂದರೆ. ಮೂರು ವಾರ ಅಂಟು ದಿನವೂ ತಡವಾಯಿತು.

ಯಜಮಾನರು ಅವಳನ್ನು ಕರೆದು ಕೂರಿಸಿಕೊಂಡರು. ಸಿಟ್ಟಿನವರಲ್ಲ. ದಪ್ಪ ಮೈಯವರು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು.

"ಅಂಟಕ್ಕ, ನಿಮ್ಮ ತಪ್ಪಲ್ಲ ಅಂತ ನಂಗೂ ಗೊತ್ತು. ಆದ್ರೆ ಎಂಟಕ್ಕೆ ಅಂಟು ಬೇಕೇಬೇಕು. ಮುಂದಿನ ತಿಂಗಳ ಕೊನೆವರೆಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಒಲೆ ಬೇರೆಯವ್ರಿಗೆ ಕೊಟ್ಟು ನಿಮ್ಮನ್ನ ಕೆಳಗೆ ಪ್ಯಾಕಿಂಗಿಗೆ ಹಾಕ್ತೀನಿ. ಅಲ್ಲಿಗೆ ಒಂಬತ್ತಕ್ಕೆ ಬಂದ್ರೆ ಸಾಕು."

ಪ್ಯಾಕಿಂಗ್ ಕೋಣೆ ನೆಲಮಾಳಿಗೆಯಲ್ಲಿದೆ. ಒಂದು ಟ್ಯೂಬ್‌ಲೈಟು, ಕಂದು ಕಾಗದದ ಸುರುಳಿ, ದಾರದ ಉಂಡೆ, ಒಬ್ಬರೇ ಒಬ್ಬರು ಕೂರುವ ಸ್ಟೂಲು.

"ಒಂಬತ್ತಕ್ಕೆ ಅಂದ್ರೆ ಒಳ್ಳೇದೇ ಆಯ್ತಲ್ಲ, ನಿದ್ದೆಯಾದ್ರೂ ಆಗುತ್ತೆ" ಎಂದರು ಸಂಜೆ ಮನೆಯಲ್ಲಿ ಚಿಕ್ಕಪ್ಪ. ಅವರು ದರ್ಜಿ.

"ನಿಮ್ಮ ಕೈಯಿಂದ ಕತ್ತರಿ ಕಿತ್ಕೊಂಡು, ಇನ್ಮೇಲೆ ಬರೀ ಗುಂಡಿ ಹೊಲೀರಿ ಅಂದ್ರೆ ನಿದ್ದೆ ಬರುತ್ತಾ ನಿಮ್ಗೆ?"

ಅಜ್ಜಿ, ಅಂದರೆ ಚಿಕ್ಕಮ್ಮನ ಅತ್ತೆ, ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ನಡ್ಕೊಂಡು ಹೋಗು" ಎಂದರು. ಮೂರೂವರೆ ಕಿಲೋಮೀಟರು. ಚಿಕ್ಕಮ್ಮನಿಗೆ ಐವತ್ತೆರಡು ವರ್ಷ, ಬಲ ಮಂಡಿ ಮಾತು ಕೇಳುವುದಿಲ್ಲ. "ನೀವು ಹೇಳೋದು ಸುಲಭ ಅತ್ತೆ" ಎಂದಳು ಅವಳು.

ಅದೇ ವಾರ ಕಾರ್ಖಾನೆಗೆ ಒಂದು ಚಿಕ್ಕ ಪುಸ್ತಕ ಕಟ್ಟಲು ಬಂತು. ಮೂವತ್ತೆರಡು ಪುಟ. ಕೆಲಸಗಾರರು ಸೈಕಲ್ಲಿನಲ್ಲಿ ಬರುವಂತೆ ಮಾಲೀಕರು ಏನೇನು ಮಾಡಬಹುದು, ಅದರಿಂದ ಇಬ್ಬರಿಗೂ ಏನು ಲಾಭ ಎಂದು ಯಾವುದೋ ಸಂಘದವರು ಬರೆಸಿದ್ದರು. ಹದಿನಾರು ಪುಟಗಳ ಎರಡು ಕಟ್ಟು. ಮೇಜಿನ ಎಡಗಡೆ ಒಂದನೆಯದರ ರಾಶಿ, ಬಲಗಡೆ ಎರಡನೆಯದರ ರಾಶಿ. ಎಡದಿಂದ ಒಂದು, ಬಲದಿಂದ ಒಂದು ಎತ್ತಿ ಜೋಡಿಸುವುದು ಅಲ್ಲಿಯ ಕ್ರಮ. ಕಣ್ಣು ಮುಚ್ಚಿಕೊಂಡೂ ಮಾಡುತ್ತಾರೆ. ಮಧ್ಯಾಹ್ನ ಕಸ ಗುಡಿಸಲು ಯಾರೋ ಮೇಜನ್ನು ರಾಶಿಗಳ ಸಮೇತ ಅರ್ಧ ಸುತ್ತು ತಿರುಗಿಸಿದರು, ಮತ್ತೆ ಮೊದಲಿನ ಹಾಗೆ ಇಡಲಿಲ್ಲ. ಊಟ ಮುಗಿಸಿ ಬಂದವರು ಎಡದಿಂದ ಒಂದು, ಬಲದಿಂದ ಒಂದು ಎತ್ತುತ್ತಲೇ ಹೋದರು. ಇನ್ನೂರು ಪುಸ್ತಕಗಳಲ್ಲಿ ಹಿಂದಿನ ಅರ್ಧ ಮುಂದಾಯಿತು, ಮುಂದಿನ ಅರ್ಧ ಹಿಂದಾಯಿತು. ಪುಸ್ತಕ ಕಟ್ಟುವವರು ಪುಸ್ತಕ ಓದುವುದಿಲ್ಲ. ಚಿಕ್ಕಮ್ಮ ಆ ಇನ್ನೂರಕ್ಕೂ ಹದವಾಗಿ ಅಂಟು ಬಳಿದಳು.

ಯಜಮಾನರು ಅಂಥದೇ ಒಂದನ್ನು ಮನೆಗೆ ಒಯ್ದರು. ಬಸ್ಸಿನ ಗೋಳು ಅಂಟಕ್ಕನದೊಂದೇ ಅಲ್ಲ. ಬಸ್ಸು ಬಿಟ್ಟವರು ಸ್ಕೂಟರಿನಲ್ಲಿ ಬಂದು ಅಂಗಳದ ತುಂಬ ನಿಲ್ಲಿಸಿ, ಕಾಗದದ ಲಾರಿಗೆ ತಿರುಗಲು ಜಾಗವಿಲ್ಲದೆ ದಿನವೂ ಜಗಳ. ಅದಕ್ಕೇ ಅವರು ಓದಲು ಕೂತರು. ಮೂವತ್ತು ವರ್ಷ ಪುಸ್ತಕ ಕಟ್ಟಿಸಿದ್ದರೂ ಕೂತು ಓದಿದ್ದು ಅದೇ ಮೊದಲಂತೆ. ಪುಸ್ತಕಗಳು ಹೀಗೆಯೇ ದಿಢೀರನೆ ಶುರುವಾಗುತ್ತವೇನೋ ಎಂದುಕೊಂಡರಂತೆ. ಮೊದಲ ಪುಟದಲ್ಲೇ ಇತ್ತು: "ಸಾಧ್ಯವಾದರೆ ನೀವೇ ಸೈಕಲ್ ಕೊಡಿಸಿ. ಬೇಗ ಬಂದವರನ್ನು ಎಲ್ಲರ ಮುಂದೆ ಮೆಚ್ಚಿಕೊಳ್ಳಿ. ತಿಂಗಳಿಗೊಮ್ಮೆ ಎಲ್ಲರೂ ಒಟ್ಟಾಗಿ ಸವಾರಿ ಬನ್ನಿ." ನಡುವೆ ಎಲ್ಲಿಯೋ ಸಂಘದವರು ಧನ್ಯವಾದ ಹೇಳಿದ್ದರು. ಪುಸ್ತಕ ಮುಗಿಯಿತೆಂದು ಯಜಮಾನರು ಅಲ್ಲಿಗೇ ಮುಚ್ಚಿಟ್ಟರು.

ಉಳಿದ ಅರ್ಧದಲ್ಲಿ ಏನಿತ್ತೆಂದರೆ: "ಮೊದಲು ಕೆಲಸಗಾರರನ್ನು ಕೇಳಿ. ಬಾರದವರಿಗೆ ಕಲಿಸಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗಾಯಿತು. ಎಂಟು ಹೊಸ ಸೈಕಲ್ಲುಗಳು ಬಂದು ಅಂಗಳದಲ್ಲಿ ಸಾಲಾಗಿ ನಿಂತವು. ಯಜಮಾನರು ಎಲ್ಲರನ್ನೂ ಸೇರಿಸಿ, ಬಸ್ಸಿನಿಂದ ಹೆಚ್ಚು ತೊಂದರೆಪಟ್ಟವರಿಗೇ ಮೊದಲನೆಯದು ಎಂದು ಹೇಳಿ, "ಬನ್ನಿ ಅಂಟಕ್ಕ" ಎಂದರು. ಚಪ್ಪಾಳೆ ಬಿತ್ತು. ಚಿಕ್ಕಮ್ಮ ನಡೆದು ಹೋಗಿ ಹಸಿರು ಬಣ್ಣದ ಸೈಕಲ್ಲಿನ ಹಿಡಿ ಹಿಡಿದುಕೊಂಡು ನಕ್ಕಳು. ಅವಳಿಗೆ ಸೈಕಲ್ ಬರುತ್ತಿರಲಿಲ್ಲ. ಜನ್ಮದಲ್ಲಿ ಒಮ್ಮೆಯೂ ಹತ್ತಿರಲಿಲ್ಲ.

"ಅಲ್ಲೇ ಹೇಳ್ಬೇಕಿತ್ತಪ್ಪ" ಎಂದರು ಚಿಕ್ಕಪ್ಪ, ಅವಳು ಅದನ್ನು ತಳ್ಳಿಕೊಂಡು ಮನೆಗೆ ಬಂದಾಗ.

"ಹೇಗ್ ಹೇಳೋದು? ಚಪ್ಪಾಳೆ ಹೊಡೀತಿದ್ರು. ಬರಲ್ಲ ಅಂದಿದ್ರೆ, ಸರಿ ಹಾಗಾದ್ರೆ ಕೆಳಗೆ ಹೋಗಿ ಅನ್ನೋರು."

ಮರುದಿನ ಐದೂಮುಕ್ಕಾಲಿಗೆ ಅವಳು ಊಟದ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿ, ಸೈಕಲ್ ತಳ್ಳಿಕೊಂಡು ಹೊರಟಳು.

"ಅಲ್ವೇ, ನಾನೂ ಅದನ್ನೇ ತಾನೇ ಹೇಳಿದ್ದು, ನಡ್ಕೊಂಡು ಹೋಗು ಅಂತ!" ಎಂದರು ಅಜ್ಜಿ ಬಾಗಿಲಲ್ಲಿ ನಿಂತು. "ನಂಗೆ ಒಂದು ಸೈಕಲ್ ಮಾತ್ರ ಹೊಳೀಲಿಲ್ಲ ನೋಡು."

ಸೈಕಲ್ ಊರುಗೋಲಿನ ಕೆಲಸ ಮಾಡಿತು. ಹಿಡಿಯ ಮೇಲೆ ಭಾರ ಬಿಟ್ಟರೆ ಮಂಡಿಗೆ ಅಷ್ಟು ನೋವಿಲ್ಲ, ಡಬ್ಬಿ ಹೊರುವ ಕಷ್ಟವೂ ಇಲ್ಲ. ಕಾರ್ಖಾನೆಯ ಬೀದಿಗೆ ತಿರುಗುವ ಮುಂಚೆ ನಿಂತು, ಸೆರಗಿನಿಂದ ಬೆವರು ಒರೆಸಿ, ಆಗ ತಾನೇ ಇಳಿದವಳ ಹಾಗೆ ಗೇಟಿನೊಳಗೆ ಹೋಗುತ್ತಿದ್ದಳು. ಏಳಕ್ಕೆ ಒಲೆ ಉರಿಯುತ್ತಿತ್ತು.

ಉಳಿದ ಏಳು ಸೈಕಲ್ಲುಗಳು ನಿಜವಾಗಿಯೂ ಓಡಿಕೊಂಡೇ ಬಂದವು. ಸ್ಕೂಟರಿನವರಲ್ಲಿ ಮೂವರು ಮನೆಯ ಹಳೆಯ ಸೈಕಲ್ಲಿನ ಧೂಳು ಹೊಡೆದರು. ಅಂಗಳ ಖಾಲಿಯಾಗಿ ಲಾರಿ ಒಂದೇ ಸಲಕ್ಕೆ ತಿರುಗಿತು. ಆ ದಿನ ಚಾಲಕ ಇಳಿದು, ದಾರಿ ತಪ್ಪಿ ಬೇರೆ ಕಡೆ ಬಂದೆನೋ ಎಂದು ಬೋರ್ಡು ನೋಡಿದನಂತೆ. ಪುಟ ಮಡಚುವ ಕೆಲಸದ ಹೆಂಗಸೊಬ್ಬಳು ದಿನವೂ ಮಧ್ಯಾಹ್ನ ಮೂರಕ್ಕೆ ತೂಕಡಿಸಿ ಹಣೆಯನ್ನು ಕಾಗದಕ್ಕೆ ಒತ್ತುತ್ತಿದ್ದಳು, ಅದು ನಿಂತಿತು. ಬಸ್ಸಿನಲ್ಲಿ ನೂಕಾಡಿ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದವರು ಈಗ ದಾರಿಯಲ್ಲಿ ಕಂಡದ್ದನ್ನು ಹೇಳಿಕೊಳ್ಳುತ್ತ ಬರತೊಡಗಿದರು. ಯಜಮಾನರು ತಾವೂ ಒಂದು ಸೈಕಲ್ ಕೊಂಡರು. ಮೊದಲ ದಿನ ಅವರಿಗೆ ಕುರ್ಚಿಯಲ್ಲಿ ಸರಿಯಾಗಿ ಕೂರಲಾಗಲಿಲ್ಲ. ನಾಲ್ಕನೆಯ ದಿನ ಮೆಟ್ಟಿಲು ಹತ್ತಿ ಬಂದವರು ಏದುಸಿರಿಲ್ಲದೆ ಒಂದು ಇಡೀ ವಾಕ್ಯ ಮಾತಾಡಿದರು. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು.

ಆ ವಾಕ್ಯ ಅಂಟಕ್ಕನ ಬಗ್ಗೆಯೇ. "ನೋಡಿ, ಇವರಿಗಿಂತ ಮುಂಚೆ ಯಾರಾದ್ರೂ ಬರ್ತಾರಾ?"

ಚಿಕ್ಕಮ್ಮ ಅಂಟಿನ ಪಾತ್ರೆಯಿಂದ ತಲೆ ಎತ್ತಲಿಲ್ಲ.

ಎರಡನೆಯ ವಾರ ಪುಸ್ತಕದ ತಪ್ಪು ಬಯಲಾಯಿತು. ಕಂಡುಹಿಡಿದವರು ಕತ್ತರಿಸುವ ಯಂತ್ರದವರು. ಅವರ ಅಡ್ಡಹೆಸರು ಮಿಲಿಮೀಟರ್. ಕಾಗದವನ್ನಷ್ಟೇ ಅಲ್ಲ, ಚಹಾದ ಲೋಟ ಎಷ್ಟು ಖಾಲಿ ಬಂದಿದೆ ಎಂಬುದನ್ನೂ ಅಳೆಯುವವರು. ಯಜಮಾನರು ಹಿಂದುಮುಂದಾದ ಪುಸ್ತಕವನ್ನು ಸರಿಯಾಗಿ ತಿರುವಿ ಓದಿ, ಹಣೆ ಚಚ್ಚಿಕೊಂಡು, ಎಲ್ಲರನ್ನೂ ಮತ್ತೆ ಸೇರಿಸಿದರು.

"ಇದನ್ನ ಮೊದಲೇ ಕೇಳ್ಬೇಕಿತ್ತಂತೆ. ಸೈಕಲ್ ಬರದೋರು ಯಾರಾದ್ರೂ ಇದ್ದೀರಾ? ನಾಚ್ಕೋಬೇಡಿ, ಕಲಿಸ್ತೀವಿ."

ಅಷ್ಟು ಜನರ ನಡುವೆ ಯಾರು ಕೈ ಎತ್ತುತ್ತಾರೆ? ಚಿಕ್ಕಮ್ಮನ ಕೈ ಸೊಂಟದವರೆಗೆ ಬಂದಿತ್ತಂತೆ. ಅಷ್ಟರಲ್ಲಿ ಯಜಮಾನರು, "ಅಂಟಕ್ಕನೇ ಓಡಿಸ್ತಾರೆ ಅಂದ್ಮೇಲೆ ಇನ್ಯಾರಿಗೆ ಬರಲ್ಲ!" ಎಂದುಬಿಟ್ಟರು. ಕೈ ಕೆಳಗಿಳಿಯಿತು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. "ಸರಿ, ಹಾಗಾದ್ರೆ ತಿಂಗಳ ಕೊನೇ ಶನಿವಾರ ಎಲ್ಲಾ ಒಟ್ಟಿಗೆ ಬರೋಣ. ಆರೂಇಪ್ಪತ್ತಕ್ಕೆ ನೀರಿನ ಟ್ಯಾಂಕ್ ಹತ್ರ ಸೇರಿ. ಮುಂದೆ ಅಂಟಕ್ಕ, ಹಿಂದೆ ನಾವೆಲ್ಲ."

ಆ ಶನಿವಾರಕ್ಕೆ ಏಳು ದಿನ ಉಳಿದಿತ್ತು. ಎರಡು ವಾರ ನಡೆದ ಮಂಡಿ ಊದಿಕೊಂಡು, ಮಂಗಳವಾರ ಬೆಳಿಗ್ಗೆ ಅವಳು ಗೇಟು ಮುಟ್ಟಿದ್ದು ಏಳಕ್ಕೆ ಎರಡೇ ನಿಮಿಷ ಇರುವಾಗ. ಓಡಿಸಲು ಬಾರದು, ನಡೆಯಲು ಆಗದು.

ಅಂದು ಸಂಜೆ ಸೈಕಲ್ ತೆಗೆಯಲು ಹೋದಾಗ ಮಿಲಿಮೀಟರ್ ಅದರ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಅಂಟಕ್ಕ, ಹದಿನಾಲ್ಕು ದಿನ. ಹೋಗ್ತಾ ಬರ್ತಾ ದಿನಕ್ಕೆ ಏಳು ಕಿಲೋಮೀಟರು. ಒಟ್ಟು ತೊಂಬತ್ತೆಂಟು."

"ಏನೀಗ?"

"ಪೆಡಲ್ ಮೇಲಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ."

ಚಿಕ್ಕಮ್ಮ ಸುತ್ತಲೂ ನೋಡಿದಳು. "ಅಣ್ಣಾ, ನಿಮ್ಗೆ ಕೈ ಮುಗೀತೀನಿ, ಯಾರಿಗೂ ಹೇಳ್ಬೇಡಿ. ನನ್ನ ಒಲೆ ಹೋಗುತ್ತೆ."

"ಹೇಳೋಕೆ ನಂಗೇನು ಹುಚ್ಚಾ? ನಿಮ್ಮ ಅಂಟು ಬೇರೆಯವ್ರ ಕೈಗೆ ಹೋದ್ರೆ ಬೆನ್ನು ಗಂಟುಗಂಟಾಗುತ್ತೆ. ನನ್ನ ಬ್ಲೇಡ್ ಹಾಳಾಗುತ್ತೆ." ಅವರು ಎದ್ದು ಜೇಬಿನಿಂದ ಸ್ಪ್ಯಾನರ್ ತೆಗೆದರು. ಚಿಕ್ಕಮ್ಮ ನೋಡುತ್ತಿದ್ದಂತೆಯೇ ಎರಡೂ ಪೆಡಲುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಸೀಟನ್ನು ಪೂರ್ತಿ ಕೆಳಗಿಳಿಸಿದರು.

"ಅಯ್ಯೋ, ಇದೇನ್ ಮಾಡಿದ್ರಿ!"

"ಈಗ ಇದು ಸೈಕಲ್ ಅಲ್ಲ, ಚಕ್ರ ಇರೋ ಕುರ್ಚಿ. ಕುರ್ಚಿ ಮೇಲೆ ಕೂರೋಕೆ ಬರುತ್ತಾ?"

"ಬರುತ್ತೆ."

"ಕೂತ್ಕೊಳಿ. ಎರಡೂ ಕಾಲು ನೆಲಕ್ಕೆ ಸಿಗುತ್ತಾ? ಹಾಗೇ ನೆಲ ಒದ್ದು ಒದ್ದು ನಡೀರಿ. ಬೀಳೋ ಹಾಗಾದ್ರೆ ಕಾಲು ಊರಿ. ಬೇರೇನೂ ಮಾಡ್ಬೇಡಿ."

ಸ್ಕೂಟರುಗಳು ನಿಲ್ಲುತ್ತಿದ್ದ ಅಂಗಳ ಈಗ ಬಯಲು. ಎಲ್ಲರೂ ಹೋದ ಮೇಲೆ, ಬಿಸಿಲು ಇನ್ನೂ ಇರುವಾಗ, ಚಿಕ್ಕಮ್ಮ ಆ ಗೋಡೆಯಿಂದ ಈ ಗೋಡೆಗೆ ಬಾತುಕೋಳಿಯ ಹಾಗೆ ಕಾಲು ಹಾಕುತ್ತ ಓಡಾಡಿದಳು. ಎರಡನೆಯ ಸಂಜೆ ಒಂದು ಕ್ಷಣ ಎರಡೂ ಕಾಲು ನೆಲ ಬಿಟ್ಟವು. "ನಾಲ್ಕು ಮೀಟರು!" ಎಂದು ಕೂಗಿದರು ಮಿಲಿಮೀಟರ್. ಅಳೆದೇ ಹೇಳಿರಬೇಕು.

ಪೆಡಲುಗಳನ್ನು ಅವರು ವಾಪಸು ಕೊಡಲಿಲ್ಲ, ಕೊಟ್ಟರೆ ಆಸೆಗೆ ಬಿದ್ದು ಹತ್ತುತ್ತಾಳೆ ಎಂದು. ಹಾಗಾಗಿ ಬುಧವಾರ ಬೆಳಿಗ್ಗೆ ಚಿಕ್ಕಮ್ಮ ಕೆಲಸಕ್ಕೂ ಪೆಡಲ್ ಇಲ್ಲದ ಸೈಕಲ್ಲನ್ನೇ ತಂದಳು. ನಮ್ಮ ಮನೆಯಿಂದ ಕಾರ್ಖಾನೆಗೆ ದಾರಿ ಬಹುಪಾಲು ಸ್ವಲ್ಪ ಇಳಿಜಾರು. ಬೀದಿಯಲ್ಲಿ ಯಾರೂ ಇಲ್ಲದ್ದು ನೋಡಿ ಕೂತು ಒಮ್ಮೆ ನೆಲ ಒದ್ದಳು. ಸೈಕಲ್ ಹೊರಟಿತು. ಇನ್ನೊಮ್ಮೆ ಒದ್ದಳು. ತಳ್ಳಿಕೊಂಡು ಹೋದರೆ ಐವತ್ತೈದು ನಿಮಿಷದ ದಾರಿ ಅಂದು ಮೂವತ್ತೈದಕ್ಕೆ ಮುಗಿಯಿತು. ಮಂಡಿಯ ಮೇಲೆ ಭಾರವೇ ಇಲ್ಲ. ಸಂಜೆ ಮನೆಗೆ ಬಂದು ಅಜ್ಜಿಗೆ ಹೇಳುವಾಗ ಚಿಕ್ಕಮ್ಮನ ಮುಖ ನೋಡಬೇಕಿತ್ತು.

"ಪೆಡಲ್ ಇಲ್ದೇ ಹೋದ್ಯಾ?" ಅಜ್ಜಿ ಕೇಳಿದರು. "ನಾಳೆ ಚಕ್ರಾನೂ ಬಿಚ್ಚಿ ನೋಡು, ಇನ್ನೂ ಬೇಗ ಹೋಗ್ತೀಯೇನೋ."

ಗುರುವಾರ ಬೆಳಿಗ್ಗೆ ಅವಳು ಹಾಗೆಯೇ ನೆಲ ಒದ್ದುಕೊಂಡು ಹೋಗುತ್ತಿದ್ದಾಗ ಪಕ್ಕಕ್ಕೆ ಇನ್ನೊಂದು ಸೈಕಲ್ ಬಂತು.

"ನಮಸ್ಕಾರ ಅಂಟಕ್ಕ!" ಯಜಮಾನರು.

ಚಿಕ್ಕಮ್ಮ ಗಾಬರಿಯಾಗಿ ಕಾಲು ಊರಿದಳು. ಯಜಮಾನರೂ ನಿಂತರು. ಅವರ ಕಣ್ಣು ಅವಳ ಕಾಲಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಕಾಲಿಗೆ ಹೋಗಿ ಬಂತು.

"ಪೆಡಲ್ ಎಲ್ಲಿ?"

ಯಾರೋ ಕದ್ದರು ಎನ್ನಬಹುದಿತ್ತು. ಬಾಯಿಗೂ ಬಂದಿತ್ತಂತೆ. ಆದರೆ ಹಾಗೆಂದರೆ ಕಾವಲುಗಾರನ ಮೇಲೆ ಬರುತ್ತದೆ ಎಂದು ಹೊಳೆದು, ಅವಳು ಎಲ್ಲ ಹೇಳಿಬಿಟ್ಟಳು.

"ನಂಗೆ ಸೈಕಲ್ ಬರಲ್ಲ ಸರ್. ಇಷ್ಟು ದಿನ ತಳ್ಕೊಂಡೇ ಬಂದೆ. ಈಗ ಎರಡು ದಿನದಿಂದ ಹೀಗೆ. ಸುಳ್ಳು ಹೇಳ್ಲಿಲ್ಲ, ಆದ್ರೆ ನೀವು ಹೊಗಳ್ತಿದ್ದಾಗ ಸುಮ್ನಿದ್ದೆ. ಅದೂ ಸುಳ್ಳೇ. ಒಲೆ ಮಾತ್ರ ಒಂದಿನಾನೂ ಏಳು ದಾಟಿಲ್ಲ."

ಯಜಮಾನರು ಸೈಕಲ್ಲಿನಿಂದ ಇಳಿದರು.

"ಅಷ್ಟು ದೂರ ನಡೀತಿದ್ರಾ? ಆ ಮಂಡೀಲಿ?"

"ಹೂಂ."

"ಎಲ್ಲರ ಮುಂದೆ ಕೇಳಿದ್ದು ನಂದೇ ತಪ್ಪು. ಹಾಗೆ ಕೇಳಿದ್ರೆ ನಾನಾಗಿದ್ರೂ ಕೈ ಎತ್ತುತಿರ್ಲಿಲ್ಲ." ಅವರು ಅವಳ ಮಂಡಿಯ ಕಡೆ ಕೈ ತೋರಿಸಿದರು. "ಆದ್ರೆ ಅಂಟಕ್ಕ, ನಡ್ಕೊಂಡು ಬಂದ್ರೆ ನಿಮ್ಮ ಮಂಡಿ ಇನ್ನೊಂದು ತಿಂಗಳೂ ತಡ್ಯಲ್ಲ. ಹೀಗೆ ಒದ್ಕೊಂಡು ಬರೋದು ರಸ್ತೇಲಿ ಅಪಾಯ. ಶನಿವಾರ ತಿಂಗಳ ಕೊನೆ. ಅವತ್ತು ಪೆಡಲ್ ಹಾಕ್ಕೊಂಡು ಬನ್ನಿ. ಏಳಕ್ಕೆ ಒಲೆ ಹಚ್ಚಿ. ಆಮೇಲೆ ಅದನ್ನ ಯಾರೂ ಮುಟ್ಟಲ್ಲ."

"ಆಗದಿದ್ರೆ?"

"ಆಗದಿದ್ರೆ ಕೆಳಗೆ. ಸುಳ್ಳು ಸಮಾಧಾನ ಹೇಳಲ್ಲ."

ಆ ದಿನ ಯಜಮಾನರು ಒಬ್ಬೊಬ್ಬರನ್ನೇ ತಮ್ಮ ಮೇಜಿನ ಹತ್ತಿರ ಕರೆದು, ಮೆಲ್ಲಗೆ ಅದೇ ಪ್ರಶ್ನೆ ಕೇಳಿದರು. ಅಂದು ಒಂದು ಕೈಯೂ ಎದ್ದಿರಲಿಲ್ಲ. ಈಗ ಇನ್ನೂ ನಾಲ್ಕು ಜನರಿಗೆ ಬಾರದೆಂದು ಗೊತ್ತಾಯಿತು. ತೂಕಡಿಸುವುದು ನಿಲ್ಲಿಸಿದ ಹೆಂಗಸಿನ ಸೈಕಲ್ಲನ್ನು ದಿನವೂ ಅವಳ ತಮ್ಮ ಓಡಿಸುತ್ತಿದ್ದ, ಅವಳು ಹಿಂದೆ ಕೂತು ಬರುತ್ತಿದ್ದಳು. ಹಾಗಾದರೆ ನಿದ್ದೆ ಹೇಗೆ ಹೋಯಿತು ಎಂದರೆ, "ಅವನು ಓಡಿಸೋ ರೀತಿ ನೋಡಿದ್ರೆ ಸಂಜೆವರೆಗೂ ಎದೆ ಹೊಡ್ಕೊಳ್ತಿರುತ್ತೆ, ನಿದ್ದೆ ಎಲ್ಲಿಂದ ಬರ್ಬೇಕು" ಎಂದಳಂತೆ. ಕೆಲಸದ ಹೊತ್ತಿನಲ್ಲೇ, ಸಂಜೆಯ ಕೊನೆಯ ಅರ್ಧ ಗಂಟೆ ಅಂಗಳದಲ್ಲಿ ಪಾಠ ಎಂದು ಯಜಮಾನರು ಗೊತ್ತುಮಾಡಿದರು. ಮೇಷ್ಟ್ರು ಮಿಲಿಮೀಟರ್.

ಶುಕ್ರವಾರ ಪೆಡಲುಗಳು ಜೇಬಿನಿಂದ ಹೊರಬಂದವು. ಚಿಕ್ಕಮ್ಮನಿಗೆ ತೂಗಿಸುವುದು ಆಗಲೇ ಬಂದಿತ್ತು, ತುಳಿಯುವುದಷ್ಟೇ ಬಾಕಿ. ಮೂರು ಸಲ ಬಿದ್ದಳು. ಎರಡು ಸಲ ಬದಿಗೆ, ಒಂದು ಸಲ ಮೇಷ್ಟ್ರ ಮೇಲೆ. ನಾಲ್ಕನೆಯ ಸಲ ಅಂಗಳವನ್ನು ಪೂರ್ತಿ ಸುತ್ತಿದಳು. ಆಮೇಲೆ ಹೊತ್ತು ಮುಳುಗಿತು. ಕಲಿಯಲು ಒಂದೇ ಒಂದು ಉಳಿದಿತ್ತು, ಅದು ಇಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಆರೂಇಪ್ಪತ್ತಕ್ಕೆ ನೀರಿನ ಟ್ಯಾಂಕಿನ ಬಳಿ ಹನ್ನೆರಡು ಸೈಕಲ್ಲು ಸೇರಿದವು. ಮಿಲಿಮೀಟರ್ ಹಿಂದಿನಿಂದ ಸೀಟು ಹಿಡಿದು ಚಿಕ್ಕಮ್ಮನನ್ನು ಹೊರಡಿಸಿದರು. ಅವಳು ಮುಂದೆ, ಉಳಿದವರೆಲ್ಲ ಹಿಂದೆ. ತಿರುವಿನಲ್ಲಿ ಒಮ್ಮೆ ವಾಲಿದಳು, ಮತ್ತೆ ನೇರವಾದಳು. ಹಾಲಿನ ಗಾಡಿಯವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಏಳಕ್ಕೆ ಹದಿನೈದು ನಿಮಿಷ ಇರುವಾಗ ಕಾರ್ಖಾನೆಯ ಗೇಟು ಕಂಡಿತು. ಕಾವಲುಗಾರ ಎರಡೂ ಬಾಗಿಲು ತೆರೆದು ನಿಂತಿದ್ದ. ಚಿಕ್ಕಮ್ಮ ಗೇಟಿನ ಮುಂದಿನಿಂದ ಹಾಗೆಯೇ ದಾಟಿ ಹೋದಳು.

"ಅಂಟಕ್ಕ! ಎಲ್ಲಿಗೆ?"

"ನಿಲ್ಸೋದು ಹೇಗೆ?"

"ಬ್ರೇಕು! ಬ್ರೇಕು ಹಿಡೀರಿ!"

"ಹಿಡಿದ್ರೆ ಬೀಳ್ತೀನಿ!"

ಅವಳು ಬೀದಿಯ ಕೊನೆಗೆ ಹೋಗಿ ಎಡಕ್ಕೆ ಹೊರಳಿ ಕಣ್ಮರೆಯಾದಳು. ಇಳಿಸಿಟ್ಟಿದ್ದ ಸೀಟನ್ನು ಮಿಲಿಮೀಟರ್ ಹಿಂದಿನ ಸಂಜೆ ಪಾಠ ಮುಗಿದ ಮೇಲೆ ಅಳತೆ ಹಿಡಿದು ಎತ್ತರಿಸಿದ್ದರು. ಕಾಲು ಈಗ ನೆಲಕ್ಕೆ ಸಿಗುತ್ತಿರಲಿಲ್ಲ. ಕಟ್ಟಡದ ಸುತ್ತ ಬಂದು ಮತ್ತೆ ಗೇಟಿನ ಮುಂದೆ ಕಾಣಿಸಿಕೊಂಡಾಗ ಏಳಕ್ಕೆ ಒಂಬತ್ತು ನಿಮಿಷ. ಕಾವಲುಗಾರ ಹಿಡಿಯಲು ಕೈ ಚಾಚಿ, ಹೆದರಿ ಹಿಂದೆ ಸರಿದ. ಎರಡನೆಯ ಸುತ್ತು. "ನನ್ನ ಒಲೆ!" ಎಂದು ಕೂಗುತ್ತ ಹೋದಳು. "ಬೆಂಕಿಪೆಟ್ಟಿಗೆ ಹೊರಗಿಡಿ, ಬಂದೆ!"

ಮೂರನೆಯ ಸಲ ಬಂದಾಗ ಏಳಕ್ಕೆ ಮೂರು ನಿಮಿಷ. ಯಜಮಾನರು ತಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿ, ಪ್ಯಾಂಟು ಮೇಲೆಳೆದುಕೊಂಡು, ಓಡಲು ಶುರುಮಾಡಿದರು. ಅವರು ಓಡುವುದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಹಿಂದಿನಿಂದ ಹೋಗಿ ಕ್ಯಾರಿಯರ್ ಹಿಡಿದು, ಹಿಮ್ಮಡಿ ಊರಿ ಹಿಂದಕ್ಕೆ ಜಗ್ಗಿದರು. ಸೈಕಲ್ ನಿಂತಿತು. ಚಿಕ್ಕಮ್ಮ ಹಾರಿದಳು. ಸೈಕಲ್ಲನ್ನೂ ಅವರ ಕೈಯಲ್ಲೇ ಬಿಟ್ಟು, ಹಿಂದಿರುಗಿ ನೋಡದೆ, ಮಂಡಿ ಇದೆಯೆಂಬುದನ್ನೇ ಮರೆತು ಒಳಗೆ ಓಡಿದಳು.

ಯಜಮಾನರು ಸೈಕಲ್ ಹಿಡಿದುಕೊಂಡು ಒಲೆಯ ಕೋಣೆಯ ಬಾಗಿಲಿಗೆ ಬಂದಾಗ ನೀಲಿ ಉರಿ ಎದ್ದಿತ್ತು. ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಇನ್ನೂ ಒಂದು ನಿಮಿಷ.

"ಸೋಮವಾರ," ಎಂದರು ಅವರು, ಏದುಸಿರಿನ ನಡುವೆ, "ನಿಲ್ಸೋದನ್ನ ಕಲಿಸ್ತೀವಿ. ಬೇಗ ಬನ್ನಿ."

"ಎಷ್ಟೊತ್ತಿಗೆ ಸರ್?" ಚಿಕ್ಕಮ್ಮ ಪಾತ್ರೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಒಂಬತ್ತಕ್ಕಾ?"

"ಒಂಬತ್ತಕ್ಕೆ ಬಂದ್ರೆ ಅಂಟು ಯಾರು ಕಾಯಿಸ್ತಾರೆ?"